ಮಕ್ಕಳ ಲೈಬ್ರರಿಯನ್ ಎಂಬ ವೃತ್ತಿಯನ್ನೇ ಕಟ್ಟಿದಾಕೆ: ಆನ್ ಕ್ಯಾರೊಲ್ ಮೂರ್ ಬದುಕು, ಸಾಧನೆ ಮತ್ತು ಒಂದು ಎಡವಟ್ಟು

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ, ನೀವು ಯಾವ ಊರಿನಲ್ಲೇ ಇರಿ, ಒಂದು ಒಳ್ಳೆಯ ಗ್ರಂಥಾಲಯಕ್ಕೆ ಹೋದರೆ ಅಲ್ಲಿ ಮಕ್ಕಳಿಗೆಂದೇ ಒಂದು ಕೋಣೆಯೋ ಮೂಲೆಯೋ ಕಾಣಿಸುತ್ತದೆ. ಪುಟ್ಟ ಕುರ್ಚಿಗಳು, ಕೈಗೆಟುಕುವ ಕಪಾಟು, ಗೋಡೆಯ ಮೇಲೆ ಚಿತ್ರಗಳು, ವಾರಕ್ಕೊಮ್ಮೆ ಕಥೆ ಹೇಳುವ ಕಾರ್ಯಕ್ರಮ. ಇದೆಲ್ಲ ಮೊದಲಿನಿಂದಲೂ ಹೀಗೇ ಇತ್ತು ಎಂದು ನಮಗೆ ಅನ್ನಿಸುತ್ತದೆ. ಆದರೆ ಸುಮಾರು 130 ವರ್ಷಗಳ ಹಿಂದೆ ಅಮೆರಿಕದಂಥ ದೇಶದಲ್ಲೂ ಎಷ್ಟೋ ಗ್ರಂಥಾಲಯಗಳು ಮಕ್ಕಳನ್ನು ಒಳಗೇ ಬಿಡುತ್ತಿರಲಿಲ್ಲ. ಹನ್ನೆರಡೋ ಹದಿನಾಲ್ಕೋ ವರ್ಷ ತುಂಬಿದ ಮೇಲೆ ಬಾ ಎಂದು ಬಾಗಿಲಿನಿಂದಲೇ ವಾಪಸ್ ಕಳಿಸುತ್ತಿದ್ದರು.

ಈ ಸ್ಥಿತಿ ಬದಲಾಗಲು ಹಲವರು ದುಡಿದಿದ್ದಾರೆ. ಅವರಲ್ಲಿ ಎದ್ದು ಕಾಣುವ ಹೆಸರು ಆನ್ ಕ್ಯಾರೊಲ್ ಮೂರ್. ಮಕ್ಕಳಿಗೆ ಕೋಣೆ ಕೊಟ್ಟರಷ್ಟೇ ಸಾಲದು, ಆ ಕೋಣೆಯಲ್ಲಿ ಕೂರುವವರಿಗೆ ತರಬೇತಿ ಬೇಕು, ಓದು ಬೇಕು, ಗೌರವ ಬೇಕು ಎಂದು ಹಟ ಹಿಡಿದು ಸಾಧಿಸಿದವರು ಅವರು. ಅದೇ ಮೂರ್ ತಮ್ಮ ಕೊನೆಗಾಲದಲ್ಲಿ ಮಕ್ಕಳ ಸಾಹಿತ್ಯದ ಎರಡು ಅತ್ಯಂತ ಜನಪ್ರಿಯ ಪುಸ್ತಕಗಳ ವಿಷಯದಲ್ಲಿ ಎಡವಿದರು. ಈ ಎರಡೂ ಸೇರಿದಾಗಲೇ ಅವರ ಕಥೆ ಪೂರ್ಣವಾಗುತ್ತದೆ.

ವಕೀಲೆಯಾಗಬೇಕಿದ್ದ ಹುಡುಗಿ

ಮೂರ್ ಹುಟ್ಟಿದ್ದು 1871ರ ಜುಲೈ 12ರಂದು, ಅಮೆರಿಕದ ಈಶಾನ್ಯ ಮೂಲೆಯ ಮೇನ್ ರಾಜ್ಯದ ಲಿಮರಿಕ್ ಎಂಬ ಪುಟ್ಟ ಊರಿನಲ್ಲಿ. ಏಳು ಜನ ಅಣ್ಣಂದಿರ ಬಳಿಕ ಹುಟ್ಟಿದ ಮನೆಮಗಳು. ತಂದೆ ಲೂಥರ್ ಮೂರ್ ವಕೀಲರು. ಮಗಳಿಗೆ ಓದಿ ಹೇಳುವುದು, ಅವಳನ್ನು ಜೊತೆಗೆ ಕರೆದುಕೊಂಡು ಸುತ್ತುವುದು ಎಂದರೆ ಅವರಿಗೆ ಬಲು ಇಷ್ಟ. ಆ ಅಪ್ಪನನ್ನು ನೋಡುತ್ತಾ ಬೆಳೆದ ಹುಡುಗಿಗೂ ವಕೀಲೆಯಾಗುವ ಆಸೆ ಹುಟ್ಟಿತು. ಹೆಣ್ಣುಮಕ್ಕಳು ಕರಿಕೋಟು ತೊಡುವುದು ಬಹಳ ಅಪರೂಪವಾಗಿದ್ದ ಕಾಲ ಅದು. ಆದರೂ ಮ್ಯಾಸಚೂಸೆಟ್ಸ್‌ನ ಬ್ರಾಡ್‌ಫರ್ಡ್ ಅಕಾಡೆಮಿಯಲ್ಲಿ ಓದು ಮುಗಿಸಿ ಬಂದು, ತಂದೆಯ ಕಚೇರಿಯಲ್ಲೇ ಕಾನೂನು ಪುಸ್ತಕಗಳನ್ನು ಓದಲು ಕೂತರು.

1892ರ ಜನವರಿಯಲ್ಲಿ ಎಲ್ಲವೂ ತಲೆಕೆಳಗಾಯಿತು. ಇನ್‌ಫ್ಲುಯೆಂಜಾ ಜ್ವರ ಮನೆಗೆ ನುಗ್ಗಿ, ಎರಡೇ ದಿನಗಳ ಅಂತರದಲ್ಲಿ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಮೂರ್‌ಗೆ ಆಗ ಇಪ್ಪತ್ತು ವರ್ಷ. ಅದರ ಬೆನ್ನಲ್ಲೇ ಅಣ್ಣನೊಬ್ಬನ ಹೆಂಡತಿ ಹೆರಿಗೆಯ ವೇಳೆ ಕಣ್ಣುಮುಚ್ಚಿದರು. ತಾಯಿಲ್ಲದ ಇಬ್ಬರು ಹೆಣ್ಣುಮಕ್ಕಳನ್ನು ನೋಡಿಕೊಳ್ಳುವ ಹೊಣೆ ಅತ್ತೆಯಾದ ಮೂರ್ ಹೆಗಲಿಗೆ ಬಿತ್ತು. ವಕೀಲಿಕೆಯ ಕನಸು ಅಲ್ಲಿಗೆ ಮುಗಿಯಿತು.

ಮುಂದೇನು ಎಂದು ಯೋಚಿಸುತ್ತಿದ್ದಾಗ ಗ್ರಂಥಾಲಯದ ಕೆಲಸ ಕಲಿಯುವಂತೆ ಸಲಹೆ ಬಂತು. ಹೆಣ್ಣುಮಕ್ಕಳಿಗೆ ಆಗಷ್ಟೇ ತೆರೆದುಕೊಳ್ಳುತ್ತಿದ್ದ ಹೊಸ ದಾರಿ ಅದು. 1895ರಲ್ಲಿ ಮೂರ್ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿರುವ ಪ್ರ್ಯಾಟ್ ಇನ್‌ಸ್ಟಿಟ್ಯೂಟ್‌ನ ಗ್ರಂಥಾಲಯ ಶಾಲೆಗೆ ಸೇರಿದರು. ಅಲ್ಲಿ ಅವರಿಗೆ ಸಿಕ್ಕ ಗುರು ಮೇರಿ ರೈಟ್ ಪ್ಲಮ್ಮರ್.

ಪುಟ್ಟ ಕುರ್ಚಿ, ತೆರೆದ ಕಪಾಟು

ಪ್ರ್ಯಾಟ್ ಆಗ ಹೊಸ ಗ್ರಂಥಾಲಯ ಕಟ್ಟುತ್ತಿತ್ತು. ಅದರ ನಕ್ಷೆಯಲ್ಲೇ ಮಕ್ಕಳ ಕೋಣೆಗೆ ಜಾಗ ಇಡಲಾಗಿತ್ತು. ಕಟ್ಟಡದ ಯೋಜನೆಯಲ್ಲೇ ಮಕ್ಕಳಿಗೆ ಹೀಗೆ ಪಾಲು ಕೊಟ್ಟದ್ದು ಆ ಕಾಲಕ್ಕೆ ಹೊಸತು. 1896ರಲ್ಲಿ ಓದು ಮುಗಿಸಿದ ಮೂರ್‌ಗೆ ಪ್ಲಮ್ಮರ್ ಆ ಕೋಣೆಯನ್ನೇ ವಹಿಸಿದರು.

ಕೋಣೆ ಇತ್ತು, ಆದರೆ ಅದನ್ನು ಹೇಗೆ ನಡೆಸಬೇಕು ಎಂದು ಹೇಳಿಕೊಡುವ ಪುಸ್ತಕವಾಗಲಿ ಪಠ್ಯಕ್ರಮವಾಗಲಿ ಇರಲಿಲ್ಲ. ಮೂರ್ ಶಿಶುವಿಹಾರಗಳಿಗೆ ಹೋಗಿ ಕೂತು ಅಲ್ಲಿನ ಶಿಕ್ಷಕಿಯರು ಮಕ್ಕಳೊಂದಿಗೆ ಹೇಗೆ ನಡೆದುಕೊಳ್ಳುತ್ತಾರೆ ಎಂದು ಗಮನಿಸಿದರು. ಬೇರೆ ಬೇರೆ ದೇಶಗಳಿಂದ ವಲಸೆ ಬಂದವರ ಕೇರಿಗಳನ್ನು ಸುತ್ತಿದರು. ಬೀದಿಯಲ್ಲಿ ಆಡುವ ಮಕ್ಕಳನ್ನೇ ಮಾತಿಗೆ ಎಳೆದು ಅವರಿಗೇನು ಇಷ್ಟ ಎಂದು ಕೇಳಿ ತಿಳಿದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಫೀಲ್ಡ್ ವರ್ಕ್.

ಹಾಗೆ ಕಲಿತದ್ದನ್ನೆಲ್ಲ ಕೋಣೆಯಲ್ಲಿ ಜಾರಿಗೆ ತಂದರು. ಮಕ್ಕಳ ಅಳತೆಯ ಮೇಜು ಕುರ್ಚಿ ಬಂದವು. ಪುಸ್ತಕಗಳನ್ನು ಬೀಗದೊಳಗಿಡದೆ, ಮಕ್ಕಳೇ ಕೈಯಿಟ್ಟು ಆರಿಸಿಕೊಳ್ಳುವಂತೆ ತೆರೆದ ಕಪಾಟಿನಲ್ಲಿ ಜೋಡಿಸಿದರು. ಕಥೆ ಹೇಳುವ ಹೊತ್ತು, ಬೊಂಬೆಯಾಟ, ಬೇಸಿಗೆ ರಜೆಯ ಚಟುವಟಿಕೆಗಳು ಶುರುವಾದವು. ಇಂಗ್ಲೆಂಡಿನ ಖ್ಯಾತ ಕಥನಗಾರ್ತಿ ಮೇರಿ ಶೆಡ್ಲಾಕ್ ಅಮೆರಿಕ ಪ್ರವಾಸಕ್ಕೆ ಬಂದಾಗ ಅವರ ಕಥನವನ್ನು ಕೇಳಿದ ಮೂರ್, ಕಥೆ ಹೇಳುವುದೂ ಗ್ರಂಥಪಾಲಕರು ಕಲಿಯಲೇಬೇಕಾದ ಒಂದು ಕಲೆ ಎಂದು ಮನಗಂಡರು. ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ ಅವರಿಗಿಂತ ಮೊದಲೇ ಮಕ್ಕಳ ಓದಿಗಾಗಿ ದುಡಿಯುತ್ತಿದ್ದ, 1882ರಲ್ಲೇ ಮಕ್ಕಳಿಗೆ ತಕ್ಕ ಪುಸ್ತಕಗಳ ಪಟ್ಟಿ ಪ್ರಕಟಿಸಿದ್ದ ಕ್ಯಾರೋಲಿನ್ ಹ್ಯೂಯಿನ್ಸ್ ಅವರಿಂದಲೂ ಮೂರ್ ಬಹಳಷ್ಟು ಕಲಿತರು.

ಒಂಟಿಯಾಗಿದ್ದವರನ್ನು ಒಂದುಗೂಡಿಸಿದ ಸಭೆ

1890ರ ದಶಕ ಮುಗಿಯುವ ಹೊತ್ತಿಗೆ ಅಮೆರಿಕದ ಹಲವು ನಗರಗಳಲ್ಲಿ ಮಕ್ಕಳ ಕೋಣೆಗಳು ತೆರೆದಿದ್ದವು. ಆದರೆ ಅಲ್ಲಿ ಕೆಲಸ ಮಾಡುವವರು ಒಬ್ಬರಿಗೊಬ್ಬರು ಪರಿಚಯವಿಲ್ಲದೆ, ತಮಗೆ ತೋಚಿದಂತೆ ನಡೆಸಿಕೊಂಡು ಹೋಗುತ್ತಿದ್ದರು. ಒಂದು ಊರಿನಲ್ಲಿ ಕಲಿತ ಪಾಠ ಇನ್ನೊಂದು ಊರಿಗೆ ತಲುಪುತ್ತಿರಲಿಲ್ಲ.

1900ರಲ್ಲಿ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ತನ್ನ ಸಮ್ಮೇಳನವನ್ನು ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆಸಿತು. ಅಲ್ಲಿ ಮಕ್ಕಳ ಗ್ರಂಥಪಾಲಕರ ಕ್ಲಬ್ ಒಂದು ಹುಟ್ಟಿಕೊಂಡಿತು. ಅದನ್ನು ಕಟ್ಟಿದವರಲ್ಲಿ ಮೂರ್ ಮುಂದಿದ್ದರು. ಮರುವರ್ಷವೇ ಅದು ಸಂಘದ ಅಧಿಕೃತ ವಿಭಾಗವಾಯಿತು, ಮೂರ್ ಅದರ ಮೊದಲ ಅಧ್ಯಕ್ಷೆಯಾದರು. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಗ್ರಂಥಾಲಯದಲ್ಲಿ ಫ್ರಾನ್ಸಿಸ್ ಜೆಂಕಿನ್ಸ್ ಆಲ್ಕಾಟ್ ಎಂಬ ಇನ್ನೊಬ್ಬ ಮಹಿಳೆ ಮಕ್ಕಳ ಗ್ರಂಥಪಾಲಕರಿಗೆಂದೇ ತರಬೇತಿ ಶಾಲೆ ತೆರೆದರು. ಮಕ್ಕಳ ಲೈಬ್ರರಿಯನ್ ಎನ್ನುವುದು ಯಾರೋ ಬಿಡುವಾದವರು ನೋಡಿಕೊಳ್ಳುವ ಕೆಲಸವಾಗಿ ಉಳಿಯದೆ, ಕಲಿತು ಮಾಡಬೇಕಾದ ವೃತ್ತಿಯಾಗತೊಡಗಿತು.

ನ್ಯೂಯಾರ್ಕ್‌ನ ಮಕ್ಕಳೆಲ್ಲ ಅವರ ಓದುಗರು

1901ರಲ್ಲಿ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ನ್ಯೂಯಾರ್ಕ್ ನಗರದಲ್ಲಿ ಶಾಖಾ ಗ್ರಂಥಾಲಯಗಳನ್ನು ಕಟ್ಟಲು 52 ಲಕ್ಷ ಡಾಲರ್ ಕೊಟ್ಟರು. ಹೊಸ ಕಟ್ಟಡಗಳು ಒಂದರ ಹಿಂದೊಂದು ಎದ್ದವು. ಅವುಗಳಲ್ಲಿ ಮಕ್ಕಳ ಕೆಲಸವನ್ನು ಒಂದೇ ಸೂತ್ರಕ್ಕೆ ತರಲು 1906ರಲ್ಲಿ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ ಮೂರ್ ಅವರನ್ನು ಮಕ್ಕಳ ವಿಭಾಗದ ಮುಖ್ಯಸ್ಥೆಯಾಗಿ ಕರೆಸಿಕೊಂಡಿತು. ಮುಂದಿನ 35 ವರ್ಷ ಅವರು ಅಲ್ಲೇ ಇದ್ದರು.

ಅವರು ಮಾಡಿದ ಮೊದಲ ಬದಲಾವಣೆಗಳು ನೋಡಲು ಸಣ್ಣವು. ಸದ್ದು ಮಾಡಬೇಡಿ ಎನ್ನುವ ಫಲಕಗಳನ್ನು ಇಳಿಸಿದರು. ವಯಸ್ಸಿನ ಮಿತಿಯನ್ನು ಸಡಿಲಿಸಿ, ಮಕ್ಕಳು ಪುಸ್ತಕವನ್ನು ಮನೆಗೆ ಒಯ್ಯಲು ದಾರಿ ಮಾಡಿದರು. ಮಗು ಒಂದು ದೊಡ್ಡ ರಿಜಿಸ್ಟರ್‌ನಲ್ಲಿ ತನ್ನ ಹೆಸರು ಬರೆದು, ಪುಸ್ತಕವನ್ನು ಜೋಪಾನ ಮಾಡುತ್ತೇನೆ, ಗ್ರಂಥಾಲಯದ ನಿಯಮ ಪಾಲಿಸುತ್ತೇನೆ ಎಂದು ಮಾತು ಕೊಡಬೇಕಿತ್ತು. ಹೆಸರು ಬರೆಯಲು ಬಂದರೆ ಸಾಕು, ಸದಸ್ಯತ್ವ ಸಿಗುತ್ತಿತ್ತು. ವಲಸೆ ಕುಟುಂಬದ ಎಷ್ಟೋ ಮಕ್ಕಳಿಗೆ ಸರ್ಕಾರಿ ಕಟ್ಟಡವೊಂದು ತಮ್ಮ ಮಾತಿಗೆ ಬೆಲೆ ಕೊಟ್ಟದ್ದು ಅದೇ ಮೊದಲು. ಆ ಮಕ್ಕಳ ಮನೆಮಾತಿನ ಪುಸ್ತಕಗಳೂ ಕಪಾಟಿಗೆ ಬಂದವು. ಊರು ಬಿಟ್ಟು ಬೇರೆ ಭಾಷೆಯ ನಗರದಲ್ಲಿ ಮಕ್ಕಳನ್ನು ಬೆಳೆಸುವವರಿಗೆ ಇದರ ಬೆಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

1911ರಲ್ಲಿ ಫಿಫ್ತ್ ಅವೆನ್ಯೂನಲ್ಲಿ ಗ್ರಂಥಾಲಯದ ಭವ್ಯ ಮುಖ್ಯ ಕಟ್ಟಡ ತೆರೆದಾಗ ಅದರಲ್ಲೂ ಮಕ್ಕಳ ಕೋಣೆ ಇತ್ತು. 1913ರ ಹೊತ್ತಿಗೆ ನಗರದ ಶಾಖೆಗಳಿಂದ ಎರವಲು ಹೋಗುವ ಪುಸ್ತಕಗಳಲ್ಲಿ ಮೂರನೇ ಒಂದು ಪಾಲು ಮಕ್ಕಳ ಪುಸ್ತಕಗಳೇ ಆಗಿದ್ದವು.

ತರಬೇತಿ, ನಾಲ್ಕು ಗೌರವಗಳು

ಇಷ್ಟು ಶಾಖೆಗಳಲ್ಲಿ ಒಬ್ಬರೇ ಕೂತು ಕಥೆ ಹೇಳಲು ಸಾಧ್ಯವಿಲ್ಲ. ಹಾಗಾಗಿ ಮೂರ್ ತಮ್ಮ ಶಕ್ತಿಯನ್ನೆಲ್ಲ ಸಿಬ್ಬಂದಿಯನ್ನು ತಯಾರು ಮಾಡಲು ಹಾಕಿದರು. ಕೆಲಸಕ್ಕೆ ಸೇರಿದವರು ಆರು ತಿಂಗಳು ಕೆಲಸ ಮಾಡುತ್ತಲೇ ಕಲಿಯಬೇಕಿತ್ತು. ಬೇರೆ ಬೇರೆ ಶಾಖೆಗಳ ಅನುಭವ, ಹಿರಿಯರ ಕೆಲಸವನ್ನು ಹತ್ತಿರದಿಂದ ನೋಡುವುದು, ಮಕ್ಕಳ ಪುಸ್ತಕಗಳ ಓದು ಎಲ್ಲವೂ ಅದರಲ್ಲಿ ಸೇರಿತ್ತು. ಅದನ್ನು ದಾಟಿದವರಿಗೆ ಮಾತ್ರ ಮಕ್ಕಳ ಗ್ರಂಥಪಾಲಕಿ ಎಂಬ ದರ್ಜೆ. ದರ್ಜೆ ಸಿಕ್ಕ ಮೇಲೂ ಓದು ಮುಗಿಯುತ್ತಿರಲಿಲ್ಲ. ಹೊಸ ಪುಸ್ತಕಗಳನ್ನು ಓದಿ, ಸಭೆಯಲ್ಲಿ ಚರ್ಚಿಸಿ, ಯಾವುದು ಕಪಾಟಿಗೆ ಬರಬೇಕು ಎಂದು ಕಾರಣ ಕೊಟ್ಟು ಹೇಳಬೇಕಿತ್ತು.

ಈ ತರಬೇತಿಯ ತಳಹದಿಯಾಗಿ ಮೂರ್ ನಾಲ್ಕು ಗೌರವಗಳನ್ನು ಮುಂದಿಟ್ಟರು. ಮೊದಲನೆಯದು ಮಗುವಿನ ಬಗ್ಗೆ ಗೌರವ. ಮಗುವನ್ನು ಅರೆಬರೆ ಮನುಷ್ಯ ಎಂದು ನೋಡಬಾರದು, ಅದರ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಎರಡನೆಯದು ಮಕ್ಕಳ ಪುಸ್ತಕದ ಬಗ್ಗೆ ಗೌರವ. ಮಕ್ಕಳಿಗಲ್ಲವೇ ಎಂದು ಕಳಪೆ ಬರಹ, ಕಳಪೆ ಚಿತ್ರ ಒಪ್ಪಬಾರದು. ಮೂರನೆಯದು ಸಹೋದ್ಯೋಗಿಗಳ ಬಗ್ಗೆ ಗೌರವ. ಮಕ್ಕಳ ವಿಭಾಗ ಒಂದು ದ್ವೀಪವಾಗದೆ ಇಡೀ ಗ್ರಂಥಾಲಯದ ಭಾಗವಾಗಿರಬೇಕು. ನಾಲ್ಕನೆಯದು ತಮ್ಮ ವೃತ್ತಿಯ ಬಗ್ಗೆ ಗೌರವ. ಮಕ್ಕಳೊಂದಿಗೆ ಕೆಲಸ ಮಾಡುವುದು ಕೆಳದರ್ಜೆಯ ಕೆಲಸವಲ್ಲ, ಅದೂ ಪರಿಣತಿ ಬೇಡುವ ವೃತ್ತಿ ಎಂದು ಸ್ವತಃ ನಂಬಬೇಕು.

ಕೊನೆಯ ಅಂಶವೇ ಬಹುಶಃ ಎಲ್ಲಕ್ಕಿಂತ ಕಷ್ಟದ್ದು. ಅಂಗನವಾಡಿಯಿಂದ ಪ್ರಾಥಮಿಕ ಶಾಲೆಯವರೆಗೆ, ಚಿಕ್ಕ ಮಕ್ಕಳ ಜೊತೆ ದುಡಿಯುವವರಿಗೆ ಸಂಬಳವೂ ಕಡಿಮೆ, ಮರ್ಯಾದೆಯೂ ಕಡಿಮೆ ಎನ್ನುವುದನ್ನು ನಾವು ಇಂದಿಗೂ ನೋಡುತ್ತಿದ್ದೇವೆ.

ಹದಿಹರೆಯದವರನ್ನೂ ಮೂರ್ ಬಿಡಲಿಲ್ಲ. ಮೇಬಲ್ ವಿಲಿಯಮ್ಸ್ ಎಂಬ ಯುವ ಗ್ರಂಥಪಾಲಕಿಯನ್ನು ಗುರುತಿಸಿ ನ್ಯೂಯಾರ್ಕ್‌ಗೆ ಕರೆತಂದರು. 1919ರಲ್ಲಿ ಶಾಲೆಗಳೊಂದಿಗಿನ ಕೆಲಸದ ಹೊಣೆ ಹೊತ್ತ ವಿಲಿಯಮ್ಸ್, ಮಕ್ಕಳ ಕೋಣೆ ದಾಟಿದ ಆದರೆ ದೊಡ್ಡವರ ವಿಭಾಗಕ್ಕೆ ಇನ್ನೂ ಒಗ್ಗದ ಹುಡುಗ ಹುಡುಗಿಯರಿಗಾಗಿ ಪ್ರತ್ಯೇಕ ಸೇವೆಯನ್ನೇ ಬೆಳೆಸಿದರು. ಹದಿಹರೆಯದವರಿಗೆಂದು ಗ್ರಂಥಾಲಯ 1929ರಲ್ಲಿ ಆರಂಭಿಸಿದ ಪುಸ್ತಕ ಪಟ್ಟಿ ದಶಕಗಳ ಕಾಲ ಪ್ರತಿವರ್ಷ ಹೊರಬಂತು.

ಆ ಗ್ರಂಥಾಲಯದಲ್ಲಿ ರೂಪುಗೊಂಡ ಇನ್ನೊಬ್ಬರು ಪೋರ್ಟೊರಿಕೊ ಮೂಲದ ಪೂರಾ ಬೆಲ್‌ಪ್ರೆ. ತಮ್ಮ ದ್ವೀಪದ ಜನಪದ ಕಥೆಗಳು ಕಪಾಟಿನಲ್ಲಿ ಇಲ್ಲದ್ದನ್ನು ಕಂಡು ಅವನ್ನು ತಾವೇ ಹೇಳತೊಡಗಿದರು, 1932ರಲ್ಲಿ ಒಂದನ್ನು ಪುಸ್ತಕವಾಗಿಯೂ ತಂದರು. 1937ರಲ್ಲಿ ಹಾರ್ಲೆಮ್‌ನ ಶಾಖೆಯಲ್ಲಿ ಮಕ್ಕಳ ಗ್ರಂಥಪಾಲಕಿಯಾಗಿ ಸೇರಿದ ಕಪ್ಪುವರ್ಣೀಯ ಮಹಿಳೆ ಆಗಸ್ಟಾ ಬೇಕರ್, ಮುಂದೆ 1961ರಲ್ಲಿ ಇಡೀ ಗ್ರಂಥಾಲಯದ ಮಕ್ಕಳ ಸೇವೆಗಳ ಮುಖ್ಯಸ್ಥೆಯಾದರು.

ಒಂದು ಮಾತಿಗೆ ಪ್ರಕಾಶಕರು ನಡುಗುತ್ತಿದ್ದರು

ಗ್ರಂಥಪಾಲಕರು ಒಳ್ಳೆಯ ಪುಸ್ತಕ ಆರಿಸಬೇಕಾದರೆ ಅದರ ಬಗ್ಗೆ ನಂಬಿಕೆಗೆ ಅರ್ಹ ವಿಮರ್ಶೆ ಬೇಕು. ಅಂಥದ್ದು ಇಲ್ಲವಾದ್ದರಿಂದ ಮೂರ್ ತಾವೇ ಬರೆಯಲು ಕೂತರು. 1918ರಿಂದ ದಿ ಬುಕ್‌ಮನ್ ಪತ್ರಿಕೆಯಲ್ಲಿ ಅವರು ಬರೆದ ವಿಮರ್ಶೆಗಳು, ಮಕ್ಕಳ ಪುಸ್ತಕಗಳನ್ನು ನಿಯಮಿತವಾಗಿ, ಗಂಭೀರವಾಗಿ ಪರಿಶೀಲಿಸಿದ ಮೊದಲ ಬರಹಗಳಲ್ಲಿ ಸೇರುತ್ತವೆ. 1924ರಿಂದ 1930ರವರೆಗೆ ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್‌ನಲ್ಲಿ ಮೂರು ಗೂಬೆಗಳು ಎಂಬ ಅರ್ಥದ ಹೆಸರಿನ ಅಂಕಣ ನಡೆಸಿದರು. ನಮ್ಮಲ್ಲಿ ಗೂಬೆ ಅಪಶಕುನ, ಅಲ್ಲಿ ಅದು ಜ್ಞಾನದ ಹಕ್ಕಿ. ಲೇಖಕ, ಚಿತ್ರಕಾರ, ವಿಮರ್ಶಕ, ಇವರೇ ಆ ಮೂರು ಗೂಬೆಗಳು. ಮುಂದೆ 1936ರಿಂದ ಅದೇ ಹೆಸರಿನ ಅಂಕಣ ಹಾರ್ನ್ ಬುಕ್ ಪತ್ರಿಕೆಯಲ್ಲಿ ಬಂತು.

ಆ ವರ್ಷಗಳಲ್ಲೇ ಅಮೆರಿಕದ ಮಕ್ಕಳ ಪ್ರಕಾಶನವೂ ಬೆಳೆಯಿತು. 1919ರಲ್ಲಿ ಮ್ಯಾಕ್‌ಮಿಲನ್ ಸಂಸ್ಥೆ ಮಕ್ಕಳ ಪುಸ್ತಕಗಳಿಗೆ ಪ್ರತ್ಯೇಕ ವಿಭಾಗ ತೆರೆಯಿತು. ಅದೇ ವರ್ಷ ಮಕ್ಕಳ ಪುಸ್ತಕ ಸಪ್ತಾಹ ಶುರುವಾಯಿತು. 1922ರಲ್ಲಿ ಮೊದಲ ನ್ಯೂಬೆರಿ ಪ್ರಶಸ್ತಿ ಕೊಡಲಾಯಿತು. ಮೂರ್ ಅವರೂ ಮಕ್ಕಳಿಗೆ ಪುಸ್ತಕ ಬರೆದರು. ನಿಕೋಲಸ್ ಎಂಬ ಮರದ ಗೊಂಬೆಯನ್ನು ಅವರು ಹೋದಲ್ಲೆಲ್ಲ ಒಯ್ಯುತ್ತಿದ್ದರು. ಅದನ್ನೇ ನಾಯಕನನ್ನಾಗಿಸಿ 1924ರಲ್ಲಿ ಬರೆದ ಕ್ರಿಸ್‌ಮಸ್ ಕಥೆಗೆ ಮರುವರ್ಷ ನ್ಯೂಬೆರಿ ಆನರ್ ಬಂತು.

ಅವರ ಅಭಿಪ್ರಾಯಕ್ಕೆ ಬೆಲೆ ಬರಲು ಕಾರಣ ಸರಳ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ ಒಂದು ಪುಸ್ತಕ ಕೊಂಡರೆ ಎಲ್ಲ ಶಾಖೆಗಳಿಗೂ ಪ್ರತಿ ಹೋಗುತ್ತಿತ್ತು, ದೇಶದ ಬೇರೆ ಗ್ರಂಥಾಲಯಗಳೂ ಅದನ್ನೇ ಅನುಸರಿಸುತ್ತಿದ್ದವು. ಅವರು ಬೇಡ ಎಂದರೆ ಪುಸ್ತಕ ನೆಲಕಚ್ಚುವ ಭಯ. ಪ್ರಕಾಶಕರು ಅಚ್ಚಿಗೆ ಹೋಗುವ ಮೊದಲೇ ಕರಡು ಹಿಡಿದು ಅವರ ಕೋಣೆಗೆ ಬರುತ್ತಿದ್ದರು. ಖರೀದಿಗೆ ತಜ್ಞರ ಶಿಫಾರಸು ಇಲ್ಲ ಎನ್ನುವ ಅರ್ಥದ ರಬ್ಬರ್ ಮೊಹರೊಂದು ಅವರ ಬಳಿ ಇತ್ತು ಎನ್ನುವ ಕಥೆ ಇಂದಿಗೂ ಪ್ರಚಲಿತ.

ಎಡವಿದ್ದು ಎಲ್ಲಿ?

1941ರಲ್ಲಿ, ಎಪ್ಪತ್ತನೇ ವಯಸ್ಸಿನಲ್ಲಿ, ಮೂರ್ ನಿವೃತ್ತರಾದರು. ಫ್ರಾನ್ಸಿಸ್ ಕ್ಲಾರ್ಕ್ ಸೇಯರ್ಸ್ ಅವರ ಜಾಗಕ್ಕೆ ಬಂದರು. ನಿವೃತ್ತಿ ಕಾಗದದ ಮೇಲಷ್ಟೇ ಉಳಿಯಿತು. ಮೂರ್ ಸಭೆಗಳಿಗೆ ಬರುವುದನ್ನು ನಿಲ್ಲಿಸಲಿಲ್ಲ, ಅಭಿಪ್ರಾಯ ಹೇಳುವುದನ್ನೂ ನಿಲ್ಲಿಸಲಿಲ್ಲ. ಉತ್ತರಾಧಿಕಾರಿಗೆ ಇದು ನುಂಗಲಾರದ ತುತ್ತಾಗಿತ್ತು.

ಆ ಹೊತ್ತಿನಲ್ಲೇ ಲೇಖಕ ಇ. ಬಿ. ವೈಟ್ ಅವರ ಸ್ಟುವರ್ಟ್ ಲಿಟಲ್ ಸಿದ್ಧವಾಯಿತು. ಮನುಷ್ಯರ ಮನೆಯಲ್ಲಿ ಹುಟ್ಟಿದ, ಇಲಿಯಂತಿರುವ ಪುಟ್ಟ ಹುಡುಗನ ಕಥೆ. ವಿಚಿತ್ರವೆಂದರೆ ಮಕ್ಕಳಿಗೆ ಬರೆಯುವಂತೆ ವೈಟ್‌ಗೆ ಮೊದಲು ಹುರಿದುಂಬಿಸಿದವರಲ್ಲಿ ಮೂರ್ ಕೂಡ ಒಬ್ಬರು. ಆದರೆ ಕರಡು ಓದಿದಾಗ ಅವರಿಗೆ ಸುತರಾಂ ಹಿಡಿಸಲಿಲ್ಲ. ನಿಜ ಮತ್ತು ಕಲ್ಪನೆ ಕಲಸಿಹೋಗಿವೆ ಎನ್ನುವುದು ಅವರ ಆಕ್ಷೇಪ. ಪುಸ್ತಕವನ್ನೇ ಹಿಂತೆಗೆದುಕೊಳ್ಳಿ ಎಂದು ವೈಟ್ ದಂಪತಿಗೆ ಉದ್ದನೆಯ ಪತ್ರ ಬರೆದರು. ವೈಟ್ ಒಪ್ಪಲಿಲ್ಲ. 1945ರಲ್ಲಿ ಪುಸ್ತಕ ಹೊರಬಂತು, ಮಕ್ಕಳು ಅದನ್ನು ಅಪ್ಪಿಕೊಂಡರು.

ಎರಡು ವರ್ಷಗಳ ನಂತರ ಮಾರ್ಗರೆಟ್ ವೈಸ್ ಬ್ರೌನ್ ಅವರ ಗುಡ್‌ನೈಟ್ ಮೂನ್ ಪ್ರಕಟವಾಯಿತು. ಮಲಗುವ ಮುನ್ನ ಮರಿಮೊಲವೊಂದು ಕೋಣೆಯ ಒಂದೊಂದೇ ವಸ್ತುವಿಗೆ ಶುಭರಾತ್ರಿ ಹೇಳುವ ಪುಟ್ಟ ಚಿತ್ರಪುಸ್ತಕ. ರಾಜಕುಮಾರ, ಮಾಯಾಲೋಕಗಳ ಕಥೆಗಳಲ್ಲಿ ನಂಬಿಕೆಯಿಟ್ಟಿದ್ದ ಮೂರ್‌ಗೂ ಅವರ ಗರಡಿಯಲ್ಲಿ ಪಳಗಿದವರಿಗೂ, ಮಗುವಿನ ದಿನನಿತ್ಯದ ಲೋಕವನ್ನೇ ಕಥೆಯಾಗಿಸುವ ಈ ಹೊಸ ಬಗೆ ರುಚಿಸಲಿಲ್ಲ. ಗ್ರಂಥಾಲಯ ಅದನ್ನು ಕೊಳ್ಳಲಿಲ್ಲ. ಕೊಂಡದ್ದು 1972ರಲ್ಲಿ, ಕಾಲು ಶತಮಾನದ ಬಳಿಕ. 2020ರಲ್ಲಿ ಆ ಗ್ರಂಥಾಲಯ ತನ್ನ 125 ವರ್ಷಗಳಲ್ಲಿ ಅತಿಹೆಚ್ಚು ಎರವಲು ಹೋದ ಹತ್ತು ಪುಸ್ತಕಗಳ ಪಟ್ಟಿ ಹೊರಡಿಸಿದಾಗ, ಗುಡ್‌ನೈಟ್ ಮೂನ್ ಹತ್ತರೊಳಗೆ ಬರಲಿಲ್ಲ. ಇಷ್ಟು ವರ್ಷ ಕಪಾಟಿನಲ್ಲೇ ಇರದಿದ್ದದ್ದು ಅದಕ್ಕೆ ಕಾರಣ ಎಂದು ಗ್ರಂಥಾಲಯವೇ ಒಪ್ಪಿಕೊಂಡು, ಆ ಪುಸ್ತಕವನ್ನು ಪಟ್ಟಿಯ ಕೆಳಗೆ ವಿಶೇಷವಾಗಿ ಹೆಸರಿಸಿತು.

ಬೀದಿ ಮಕ್ಕಳನ್ನು ಮಾತಾಡಿಸಿ, ಅವರಿಂದಲೇ ಕಲಿತು ಕೆಲಸ ಶುರುಮಾಡಿದವರು ಮೂರ್. ಐವತ್ತು ವರ್ಷಗಳ ಬಳಿಕ ಮಕ್ಕಳು ಇಷ್ಟಪಟ್ಟ ಪುಸ್ತಕವೇ ಅವರಿಗೆ ಸರಿಯೆನಿಸಲಿಲ್ಲ. ಪರಿಣತಿ ಹೆಚ್ಚಿದಂತೆ ಕೇಳಿಸಿಕೊಳ್ಳುವ ಅಭ್ಯಾಸ ಕಡಿಮೆಯಾದರೆ ಏನಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ. ಮಕ್ಕಳ ಗ್ರಂಥಪಾಲಕರಿಗೆ ತರಬೇತಿ ಒಂದು ಸಲ ಪಡೆದು ಮುಗಿಸುವಂಥದ್ದಲ್ಲ ಎಂದು ಅವರೇ ಕಲಿಸಿದ್ದರು. ಆ ಪಾಠ ಗುರುವಿಗೂ ಅನ್ವಯಿಸುತ್ತಿತ್ತು.

ಉಳಿದದ್ದು ಏನು?

1960ರಲ್ಲಿ ಮೂರ್ ಅವರಿಗೆ ಮಕ್ಕಳ ಸಾಹಿತ್ಯ ಸೇವೆಗಾಗಿ ರೆಜಿನಾ ಪದಕ ಸಂದಿತು. 1961ರ ಜನವರಿ 20ರಂದು, 89ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ ಜೀವನಚರಿತ್ರೆಯನ್ನು 1972ರಲ್ಲಿ ಪ್ರಕಟಿಸಿದವರು ಬೇರೆ ಯಾರೂ ಅಲ್ಲ, ಅವರಿಂದ ಬಹಳ ಕಿರಿಕಿರಿ ಅನುಭವಿಸಿದ್ದ ಉತ್ತರಾಧಿಕಾರಿ ಸೇಯರ್ಸ್. ಮಾಂಟ್ರಿಯಲ್‌ನಲ್ಲಿ ಹುಟ್ಟಿದ ಆ ಸಣ್ಣ ಕ್ಲಬ್ ಬೆಳೆದು ಇಂದು ಅಮೆರಿಕದ ಮಕ್ಕಳ ಗ್ರಂಥಪಾಲಕರ ದೊಡ್ಡ ಸಂಘವಾಗಿದೆ. ನ್ಯೂಬೆರಿ ಪ್ರಶಸ್ತಿ ಕೊಡುವುದೂ ಅದೇ ಸಂಘ.

ಅವರು ಎತ್ತಿದ ಪ್ರಶ್ನೆ ನಮ್ಮಲ್ಲೂ ಜೀವಂತವಾಗಿದೆ. ಕರ್ನಾಟಕ ಸರ್ಕಾರ 2020ರಲ್ಲಿ ಓದುವ ಬೆಳಕು ಕಾರ್ಯಕ್ರಮದ ಮೂಲಕ ಹಳ್ಳಿ ಮಕ್ಕಳನ್ನು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಉಚಿತ ಸದಸ್ಯರನ್ನಾಗಿ ಮಾಡಿಕೊಳ್ಳಲು ಆರಂಭಿಸಿತು. ಟಾಟಾ ಟ್ರಸ್ಟ್ಸ್‌ನ ಪರಾಗ್ ಯೋಜನೆ ಮಕ್ಕಳ ಗ್ರಂಥಾಲಯ ನಡೆಸುವವರಿಗೆಂದೇ ಲೈಬ್ರರಿ ಎಜುಕೇಟರ್ಸ್ ಕೋರ್ಸ್ ರೂಪಿಸಿತು. ಕಟ್ಟಡಕ್ಕೆ ಬಣ್ಣ ಬಳಿಯುವುದು, ಪುಸ್ತಕ ಕೊಳ್ಳುವುದು ಒಂದು ವರ್ಷದ ಕೆಲಸ. ಒಳಗೆ ಬಂದ ಮಗುವಿಗೆ ಯಾವ ಪುಸ್ತಕ ಕೊಡಬೇಕು ಎಂದು ಬಲ್ಲ, ಅದಕ್ಕೆ ತಕ್ಕ ಸಂಬಳ ಮತ್ತು ಮರ್ಯಾದೆ ಪಡೆಯುವ ಒಬ್ಬ ಮನುಷ್ಯರನ್ನು ತಯಾರು ಮಾಡಲು ಅದಕ್ಕಿಂತ ಹೆಚ್ಚು ಕಾಲ ಬೇಕು.

ಮುಂದಿನ ಸಲ ಮಗುವನ್ನು ಗ್ರಂಥಾಲಯಕ್ಕೆ ಕರೆದೊಯ್ದಾಗ ಕಪಾಟಿನ ಜೊತೆಗೆ ಅಲ್ಲಿ ಕೂತಿರುವವರನ್ನೂ ಮಾತಾಡಿಸಿ. ಮಕ್ಕಳಿಗೆ ಯಾವ ಪುಸ್ತಕ ಚೆನ್ನಾಗಿದೆ ಎಂದು ಕೇಳಿ ನೋಡಿ. ಅವರ ಕಣ್ಣು ಅರಳಿತೆಂದರೆ ಆ ಗ್ರಂಥಾಲಯ ಸರಿಯಾದವರ ಕೈಯಲ್ಲಿದೆ ಎಂದೇ ಅರ್ಥ.